ಹೊಲದಲ್ಲಿ ಕೂತ ಉಸುಕು: ಭೀಮಾ ಪ್ರವಾಹದ ನಂತರ ಭೂಮಿ ಪರಿಹಾರಕ್ಕಾಗಿ ಓಡಾಡಿದ ಐದೂವರೆ ತಿಂಗಳು

2025ರ ಸೆಪ್ಟೆಂಬರ್ ಕೊನೆಯ ವಾರ ಮಹಾರಾಷ್ಟ್ರದ ಸೊಲ್ಲಾಪುರ, ಧಾರಾಶಿವ ಭಾಗಗಳಲ್ಲಿ ಸುರಿದ ಮಳೆಗೆ ಸೀನಾ ನದಿ ಉಕ್ಕಿ ಹರಿಯಿತು; ಉಜನಿ ಜಲಾಶಯದಿಂದಲೂ ನೀರು ಬಿಟ್ಟರು. ಆ ನೀರೆಲ್ಲ ಭೀಮೆಗೆ ಸೇರಿ ಕಲಬುರಗಿ ಜಿಲ್ಲೆಯ ದಂಡೆಯೂರುಗಳ ಹೊಲಗಳನ್ನು ಮುಳುಗಿಸಿತು. ನಮ್ಮ 4 ಎಕರೆ 20 ಗುಂಟೆ ಹೊಲವೂ ಅದರಲ್ಲಿ ಸೇರಿತ್ತು. ಬೆಳೆ ಹೋದುದಕ್ಕೆ ಸಿಗುವ ಪರಿಹಾರದ ಬಗ್ಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿದೆ. ಆದರೆ ಹೊಲದ ಮೇಲೆ ನದಿ ತಂದು ಹಾಕಿದ ಹೂಳು, ಉಸುಕು ತೆಗೆಯಲು ಸರ್ಕಾರ ಬೇರೆಯಾಗಿಯೇ ನೆರವು ಕೊಡುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ, ನಮ್ಮೂರಿನ ಹತ್ತರಲ್ಲಿ ಒಂಬತ್ತು ಮಂದಿಗೂ ಗೊತ್ತಿರಲಿಲ್ಲ. ಅದನ್ನು ಪಡೆಯಲು ನಾನು ಅಲೆದ ಐದೂವರೆ ತಿಂಗಳ ಅನುಭವವನ್ನು, ಮುಂದೆ ಇದೇ ದಾರಿಯಲ್ಲಿ ನಡೆಯಬೇಕಾದವರಿಗೆ ಅನುಕೂಲವಾಗಲಿ ಎಂದು, ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನೀರು ಐದು ದಿನ ನಿಂತಿತ್ತು. ಅಕ್ಟೋಬರ್ ಮೊದಲ ವಾರ ಇಳಿದ ಮೇಲೆ ಅವ್ವ ಮತ್ತು ನಾನು ಹೊಲಕ್ಕೆ ಹೋದೆವು. ಎದೆಯೆತ್ತರ ಬೆಳೆದಿದ್ದ ತೊಗರಿ ಕಪ್ಪಾಗಿ, ಎಲೆಯೆಲ್ಲ ಉದುರಿ, ನದಿ ಹರಿದ ದಿಕ್ಕಿಗೆ ತಲೆ ಬಾಗಿಸಿ ನಿಂತಿತ್ತು. ಅದನ್ನು ನೋಡುವುದಕ್ಕೆ ಮನಸ್ಸು ಮೊದಲೇ ಸಿದ್ಧವಾಗಿತ್ತು. ಸಿದ್ಧವಾಗಿಲ್ಲದಿದ್ದುದು ನೆಲದ ಬಣ್ಣಕ್ಕೆ. ಅಪ್ಪ ನಲವತ್ತು ವರ್ಷ ಉತ್ತಿದ ಕರಿ ಎರೆಭೂಮಿ ಬೂದು ಬಣ್ಣಕ್ಕೆ ತಿರುಗಿತ್ತು. ನದಿಯ ಪಕ್ಕದ ಅರ್ಧ ಭಾಗದಲ್ಲಿ ಕಾಲಿಟ್ಟರೆ ಉಸುಕು ಪಾದ ಮುಚ್ಚುತ್ತಿತ್ತು. ಅದರಾಚೆ ನುಣ್ಣನೆಯ ಹೂಳು ಅಂಬಲಿಯಂತೆ ಹರಡಿತ್ತು. ದಂಡೆಯ ಅಂಚಿನ ಒಂದಿಷ್ಟು ನೆಲ ಕುಸಿದು ನದಿಯ ಪಾಲಾಗಿತ್ತು. ಅವ್ವ ಬಗ್ಗಿ ಒಂದು ಹಿಡಿ ಉಸುಕು ಎತ್ತಿ, ಬೆರಳ ಸಂದಿನಿಂದ ಸೋರಿ ಹೋಗುವವರೆಗೆ ನೋಡುತ್ತ ನಿಂತಳು. ಆಕೆ ಅಳಲಿಲ್ಲ. "ಬೆಳಿ ಹೋದ್ರ ಇನ್ನೊಂದು ವರ್ಷ ಬರ್ತದ. ಭೂಮಿ ಹೋದ್ರ ಏನ್ ಮಾಡಬೇಕಪಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಜಮೀನಿನ ದಾಖಲೆ ಹೇಗಿತ್ತು ಎಂಬುದನ್ನು ಹೇಳಬೇಕು. ನದಿಯ ಪಕ್ಕದ 2 ಎಕರೆ 30 ಗುಂಟೆ ಅವ್ವನ ಹೆಸರಿನಲ್ಲಿತ್ತು. ಮೇಲಿನ 1 ಎಕರೆ 30 ಗುಂಟೆಯ ಪಹಣಿಯಲ್ಲಿ 2022ರಲ್ಲಿ ತೀರಿಕೊಂಡ ಅಪ್ಪನ ಹೆಸರೇ ಉಳಿದಿತ್ತು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಪೌತಿ ಖಾತೆ ಮಾಡಿಸಬೇಕೆಂದು ಪ್ರತಿ ಬೇಸಿಗೆಯಲ್ಲೂ ಅಂದುಕೊಂಡು, ಪ್ರತಿ ಮಳೆಗಾಲದಲ್ಲೂ ಮರೆತಿದ್ದೆವು. ಆ ಮರೆವಿಗೆ ಬೆಲೆ ತೆರಬೇಕಾಯಿತು.

ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೈಮಾನಿಕ ಸಮೀಕ್ಷೆ ನಡೆಸಿ, ವಿಪತ್ತು ಪರಿಹಾರ ನಿಧಿಯ ದರದ ಜೊತೆಗೆ ರಾಜ್ಯದಿಂದ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿಯಾಗಿ ಕೊಡುವುದಾಗಿ ಹೇಳಿದ್ದರು. ಹೀಗಾಗಿ ಮಳೆಯಾಶ್ರಿತ ಬೆಳೆಗೆ 8,500ರ ಬದಲು 17,000, ನೀರಾವರಿ ಬೆಳೆಗೆ 17,000ದ ಬದಲು 25,500, ಬಹುವಾರ್ಷಿಕ ಬೆಳೆಗೆ 22,500ರ ಬದಲು 31,000 ರೂಪಾಯಿ ಆಯಿತು. ಇವೆಲ್ಲ ಹೆಕ್ಟೇರಿನ ಲೆಕ್ಕ. ಒಬ್ಬ ರೈತನಿಗೆ 2 ಹೆಕ್ಟೇರಿನ ಮಿತಿ ಇತ್ತು, ಬೆಳೆ ಶೇಕಡ 33ಕ್ಕಿಂತ ಕಡಿಮೆ ಹಾಳಾಗಿದ್ದರೆ ಏನೂ ಸಿಗುತ್ತಿರಲಿಲ್ಲ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಎಕರೆಗೆ ಇಷ್ಟು ಬರುತ್ತದೆ ಎಂದು ತಪ್ಪು ತಿಳಿದು ಆಮೇಲೆ ಕಚೇರಿಯಲ್ಲಿ ಜಗಳಕ್ಕೆ ನಿಂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳೆ ವಿಮೆ ಇದರಿಂದ ಪೂರ್ತಿ ಬೇರೆ. ಅದಕ್ಕೆ ನೋಂದಾಯಿಸಿದವರು ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ನಾವು ಆ ವರ್ಷ ವಿಮೆ ಮಾಡಿಸಿರಲಿಲ್ಲ.

ಅಕ್ಟೋಬರ್ ಎರಡನೆಯ ವಾರ ಕಂದಾಯ ಮತ್ತು ಕೃಷಿ ಇಲಾಖೆಯವರ ಜಂಟಿ ಸಮೀಕ್ಷೆ ನಮ್ಮೂರಿಗೆ ಬಂತು. ಗ್ರಾಮ ಆಡಳಿತಾಧಿಕಾರಿ, ನಮ್ಮ ಜನರ ಬಾಯಲ್ಲಿ ಇಂದಿಗೂ ತಲಾಟಿ, ವಾಲಿಕಾರನ (ಗ್ರಾಮ ಸಹಾಯಕನ) ಜೊತೆ ಹೊಲಕ್ಕೆ ಬಂದು, ಅವ್ವನನ್ನು ಸತ್ತ ತೊಗರಿಯ ನಡುವೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಇಡೀ ಕೆಲಸ ಹತ್ತು ನಿಮಿಷದ್ದು. ಅವರನ್ನು ದೂರುವುದಿಲ್ಲ, ಅವರ ಪಾಲಿಗೆ ಮೂರು ಹಳ್ಳಿಗಳಿದ್ದವು, ಆವತ್ತು ಅವರು ಬೆಳಿಗ್ಗೆಯಿಂದ ನೀರನ್ನೂ ಕುಡಿದಿರಲಿಲ್ಲ. ಹೊರಡುವಾಗ ನಾನು, "ಸಾಹೇಬ್ರ, ಈ ಉಸುಕಿನ ಬಗ್ಗೆ ಏನೂ ಬರಕೊಳ್ಳಲಿಲ್ಲಲ್ರಿ?" ಎಂದು ಕೇಳಿದೆ. ಅವರು ಒಂದು ಕ್ಷಣ ನಿಂತು, "ಇದು ಬೆಳಿ ಸರ್ವೆ ಅದರಿ. ಭೂಮಿದು ಬ್ಯಾರೆ. ಅದಕ್ಕ ನೀವು ಅರ್ಜಿ ಕೊಡಬೇಕು" ಎಂದರು. ಆ ಒಂದು ಮಾತನ್ನು ಅವರು ಹೇಳದೆ ಹೋಗಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ರಾತ್ರಿ ನಾನು ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರ ಮನೆಗೆ ಹೋದೆ. ಅವರು ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾರ್ಗಸೂಚಿಯನ್ನು ತೆರೆದು ತೋರಿಸಿದರು. ಅದರಲ್ಲಿ ಇದ್ದುದು ಇಷ್ಟು: ಒಟ್ಟು ಹಿಡುವಳಿ 2 ಹೆಕ್ಟೇರ್ ಮೀರದ ಸಣ್ಣ ಮತ್ತು ಅತಿ ಸಣ್ಣ ರೈತರ ಜಮೀನಿನ ಮೇಲೆ 3 ಇಂಚಿಗಿಂತ ಹೆಚ್ಚು ದಪ್ಪದ ಉಸುಕು ಅಥವಾ ಹೂಳು ಕೂತಿದ್ದು, ಅದನ್ನು ಸಕ್ಷಮ ಅಧಿಕಾರಿ ದೃಢೀಕರಿಸಿದರೆ, ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ, ಜಮೀನು ಎಷ್ಟೇ ಚಿಕ್ಕದಿದ್ದರೂ ಒಬ್ಬ ರೈತನಿಗೆ ಕನಿಷ್ಠ 2,200 ರೂಪಾಯಿ. ಭೂಕುಸಿತದಿಂದಲೋ ನದಿ ತನ್ನ ಪಾತ್ರ ಬದಲಿಸಿದ್ದರಿಂದಲೋ ಜಮೀನಿನ ದೊಡ್ಡ ಭಾಗವೇ ಇಲ್ಲವಾದರೆ ಹೆಕ್ಟೇರಿಗೆ 47,000, ಕನಿಷ್ಠ 5,000 ರೂಪಾಯಿ. ಅದೇ ಕೆಲಸಕ್ಕೆ ಬೇರೆ ಸರ್ಕಾರಿ ಯೋಜನೆಯ ನೆರವು ಪಡೆದಿರಬಾರದು. ನಮ್ಮ 4 ಎಕರೆ 20 ಗುಂಟೆ 1.82 ಹೆಕ್ಟೇರ್ ಆಗುವುದರಿಂದ ನಾವು ಆ ಮಿತಿಯೊಳಗೆ ಬರುತ್ತಿದ್ದೆವು. ಐದು ಎಕರೆ ಇದ್ದಿದ್ದರೆ ಬರುತ್ತಿರಲಿಲ್ಲ.

ಅಕ್ಟೋಬರ್ 16ರಂದು ಅರ್ಜಿ ಬರೆದುಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋದೆ. ಮೊದಲ ಮೇಜಿನವರು, ಬೆಳೆ ಪರಿಹಾರದ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿದೆ, ಮತ್ತೇಕೆ ಅರ್ಜಿ ಎಂದರು. ಎರಡನೆಯ ಮೇಜಿನವರು, ಹೂಳಿನ ಪರಿಹಾರ ಗುಡ್ಡಗಾಡಿನವರಿಗೆ ಮಾತ್ರ ಎಂದರು. ನಾನು ಜೇಬಿನಿಂದ ಮಾರ್ಗಸೂಚಿಯ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಗುಡ್ಡಗಾಡು ಪ್ರದೇಶ ಎಂಬ ಮಾತು ಅದರಲ್ಲಿ ಇರುವುದು ಕಲ್ಲುಮಣ್ಣಿನ ರಾಶಿ ತೆಗೆಯುವ ಇನ್ನೊಂದು ಸಾಲಿನಲ್ಲಿ. ಹೂಳಿನ ಸಾಲಿನಲ್ಲಿ ಅಂಥ ಷರತ್ತು ಇಲ್ಲ. ಅವರು ಎರಡು ಸಲ ಓದಿ, ಏನೂ ಹೇಳದೆ ಅರ್ಜಿಯನ್ನು ಟಪಾಲು ವಿಭಾಗಕ್ಕೆ ಕೊಡಲು ಕೈ ತೋರಿಸಿದರು. ಅಲ್ಲಿ ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ, ಸಂಖ್ಯೆ ಹಾಕಿಸಿಕೊಂಡೆ. ಮುಂದಿನ ಐದು ತಿಂಗಳಲ್ಲಿ ನನ್ನ ಕೈಯಲ್ಲಿದ್ದ ಕಾಗದಗಳಲ್ಲೆಲ್ಲ ಹೆಚ್ಚು ಕೆಲಸಕ್ಕೆ ಬಂದದ್ದು ಆ ಮೊಹರಿನ ಪ್ರತಿ. ಅರ್ಜಿಯನ್ನು ಯಾರ ಕೈಗೋ ಕೊಟ್ಟು ಬಂದವರ ಕಾಗದ ಎಲ್ಲಿ ಹೋಯಿತೆಂದು ಇಂದಿಗೂ ತಿಳಿದಿಲ್ಲ.

ಅರ್ಜಿಯ ಜೊತೆ ನಾನು ಲಗತ್ತಿಸಿದ್ದು ಆ ವರ್ಷದ ಪಹಣಿ, ಅವ್ವನ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಫ್ರೂಟ್ಸ್ ಗುರುತಿನ ಸಂಖ್ಯೆ (ಸರ್ಕಾರದ ರೈತರ ನೋಂದಣಿ ಸಂಖ್ಯೆ), ನಾಡಕಚೇರಿಯಿಂದ ಪಡೆದ ಸಣ್ಣ ರೈತ ಪ್ರಮಾಣಪತ್ರ, ಬೇರೆ ಯೋಜನೆಯ ನೆರವು ಪಡೆದಿಲ್ಲವೆಂಬ ಸ್ವಯಂ ಘೋಷಣೆ, ಮತ್ತು ಆರು ಫೋಟೊಗಳು. ಫೋಟೊಗಳನ್ನು ಸ್ಥಳ, ದಿನಾಂಕ ಮೂಡುವ ಆ್ಯಪ್‌ನಲ್ಲಿ ತೆಗೆದಿದ್ದೆ. ನೀರು ಇಳಿದ ಮರುದಿನವೇ ತೆಗೆದದ್ದು ಪುಣ್ಯವಾಯಿತು. ಫ್ರೂಟ್ಸ್ ಸಂಖ್ಯೆ ಇಲ್ಲದವರು ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿಕೊಳ್ಳಬೇಕು. ಸಂಖ್ಯೆ ಇದ್ದವರೂ ಒಮ್ಮೆ ಹೋಗಿ, ತಮ್ಮ ಎಲ್ಲ ಸರ್ವೆ ನಂಬರುಗಳು ಅದಕ್ಕೆ ಸೇರಿವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಬಿಟ್ಟುಹೋದ ಸರ್ವೆ ನಂಬರಿಗೆ ಪರಿಹಾರವೂ ಬಿಟ್ಟುಹೋಗುತ್ತದೆ.

ಅರ್ಜಿ ಕೊಟ್ಟ ಮೇಲೆ ಶುರುವಾದದ್ದು ಕಾಯುವ ಕೆಲಸ, ಮತ್ತು ಅದರಲ್ಲೇ ಅತಿ ಕಷ್ಟದ ಪ್ರಶ್ನೆಯೂ ಬಂತು. ಅಕ್ಟೋಬರ್ ನಮ್ಮಲ್ಲಿ ಹಿಂಗಾರಿ ಬಿತ್ತನೆಯ ತಿಂಗಳು. ತಡವಾದರೆ ಬಿಳಿಜೋಳಕ್ಕೆ ಹದ ತಪ್ಪುತ್ತದೆ. ಉಸುಕು ತೆಗೆಸಿ ಬಿತ್ತಿದರೆ ಅಳತೆಗೆ ಬಂದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ತೋರಿಸಲೆಂದು ಬಿಟ್ಟರೆ ಹಿಂಗಾರಿ ಹೋಗುತ್ತದೆ. ಪಕ್ಕದ ಹೊಲದ ಕಾಕಾ ಮೂರೇ ದಿನದಲ್ಲಿ ಜೆಸಿಬಿ ತರಿಸಿ ಪೂರ್ತಿ ಬಳಿಸಿಬಿಟ್ಟರು. ತಿಂಗಳಾದ ಮೇಲೆ ಅಳತೆಗೆ ಬಂದವರು ಅವರ ಹೊಲದಲ್ಲಿ ಮೊಳಕೆಯೊಡೆದ ಜೋಳ ನೋಡಿ, "ಇಲ್ಲೇನದ ಅಳಿಲಿಕ್ಕೆ?" ಎಂದು ಕೇಳಿ ಹೋದರು. ಕಾಕಾ ಮಾಡಿದ್ದು ಒಳ್ಳೆಯ ಒಕ್ಕಲಿಗ ಮಾಡಬೇಕಾದ ಕೆಲಸವನ್ನೇ, ಮತ್ತು ಅದಕ್ಕಾಗಿಯೇ ಅವರಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಭೂಮಿ ಬೇಗ ಉಳುಮೆಗೆ ಬರಲಿ ಎಂದು ಕೊಡುವ ಹಣ, ಬೇಗ ಉಳುಮೆಗೆ ತಂದವನಿಗೆ ಸಿಗುವುದಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ. ಬೆಳೆ ಸಮೀಕ್ಷೆಗೆ ಬಂದ ದಿನವೇ ಹೂಳನ್ನೂ ಅಳೆದು ಬರೆದುಕೊಂಡಿದ್ದರೆ ಯಾರೂ ಈ ಇಕ್ಕಟ್ಟಿಗೆ ಸಿಲುಕುತ್ತಿರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಹೊಲಕ್ಕೆ ಇನ್ನೊಂದು ಹತ್ತು ನಿಮಿಷ.

ನಾನು ನಡುದಾರಿ ಹಿಡಿದೆ. ಮೇಲಿನ 1 ಎಕರೆ 30 ಗುಂಟೆಯಲ್ಲಿ ತೆಳುವಾದ ಹೂಳು ಮಾತ್ರ ಇತ್ತು. ಅದನ್ನು ಹರಗಿ ಮಣ್ಣಿಗೆ ಬೆರೆಸಿ ಕಡಲೆ ಬಿತ್ತಿದೆ. ನುಣ್ಣನೆಯ ಹೂಳು ಎರಡು ಇಂಚಿನವರೆಗೆ ಇದ್ದರೆ ಭೂಮಿಗೆ ಹಿತವೇ, ಅದನ್ನು ತೆಗೆಸಲು ಹಣ ಸುರಿಯಬೇಕಿಲ್ಲ. ನಂಜು ಇರುವುದು ಉಸುಕಿನಲ್ಲಿ; ಅದು ಎರೆಯ ಹಸಿ ಹಿಡಿಯುವ ಗುಣವನ್ನೇ ಕೆಡಿಸುತ್ತದೆ. ನದಿಯ ಪಕ್ಕದ ತುಂಡನ್ನು ಮುಟ್ಟದೆ ಬಿಟ್ಟೆ. ದಿನವೂ ಆ ದಾರಿಯಲ್ಲಿ ಹೋಗುವಾಗ ಖಾಲಿ ಬಿದ್ದ ಆ ನೆಲ ನನ್ನನ್ನೇ ಪ್ರಶ್ನಿಸಿದಂತಾಗುತ್ತಿತ್ತು.

ಅಳತೆಗೆ ಬಂದದ್ದು ನವೆಂಬರ್ 11ರಂದು, ಅಷ್ಟರಲ್ಲಿ ನಾನು ತಾಲ್ಲೂಕು ಕೇಂದ್ರಕ್ಕೆ ಏಳು ಸಲ ಹೋಗಿದ್ದೆ. ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತಾಧಿಕಾರಿ, ವಾಲಿಕಾರ, ಪಂಚರಾಗಿ ಊರಿನ ಇಬ್ಬರು. ತಿಂಗಳ ಬಿಸಿಲಿಗೆ ಹೂಳು ಒಣಗಿ, ಬಿರಿದು, ಹೆಂಚಿನ ತುಂಡುಗಳಂತೆ ಅಂಚು ಮೇಲೆತ್ತಿಕೊಂಡಿತ್ತು. ಒಣಗಿದ ಹೂಳು ಕುಗ್ಗುತ್ತದೆ ಎಂಬುದು ನನಗೆ ಹೊಳೆದದ್ದು ಆಗಲೇ. ನಿರೀಕ್ಷಕರು ಬದುವಿನ ಬಳಿ ಒಂದು ತುಂಡು ಎತ್ತಿಸಿ ಸ್ಕೇಲು ಇಟ್ಟರು. "ಎರಡೂವರೆ ಇಂಚು ಅದರಿ" ಎಂದರು. ನನ್ನ ಎದೆ ಧಸಕ್ಕೆಂದಿತು. ಇನ್ನೊಂದು ಕಡೆ ಇಟ್ಟರು. ಅಲ್ಲಿ ಕರಿಮಣ್ಣು ಎಲ್ಲಿ ಮುಗಿಯುತ್ತದೆ, ಹೊಸ ಮಣ್ಣು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಕಾಣಲಿಲ್ಲ. ತೇವ ಕೆಳಕ್ಕೆ ಇಳಿದು ಎರಡೂ ಒಂದೇ ಬಣ್ಣವಾಗಿದ್ದವು. "ಹಿಂಗಿದ್ರ ನಾವು ಹ್ಯಾಂಗ ಬರೀಬೇಕು?" ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಗ ಅವ್ವ ಮುಂದೆ ಬಂದು, "ಸಾಹೇಬ್ರ, ತೊಗರಿ ಗಿಡ ಕೇಳ್ರಿ, ಅದು ಹೇಳ್ತದ" ಎಂದಳು. ಕುರ್ಪಿ ಹಿಡಿದು ಕೂತು, ಒಣಗಿ ನಿಂತಿದ್ದ ಒಂದು ತೊಗರಿ ಗಿಡದ ಸುತ್ತ ಮಣ್ಣು ಬಿಡಿಸತೊಡಗಿದಳು. ಬಿಡಿಸಿದಷ್ಟೂ ಕಾಂಡವೇ ಇಳಿಯುತ್ತ ಹೋಯಿತು. ಕೊನೆಗೆ ಕಾಂಡದ ಕಂದು ಸಿಪ್ಪೆ ಮುಗಿದು, ಬೆಳ್ಳನೆಯ ಬೇರಿನ ಎಳೆಗಳು ಎರಡೂ ಬದಿಗೆ ಕವಲೊಡೆಯುವ ಬುಡ ಕಂಡಿತು. ಬಿತ್ತಿದ ಬೀಜ ಬೇರು ಬಿಟ್ಟ ಮಟ್ಟ, ಅಂದರೆ ಪ್ರವಾಹಕ್ಕೆ ಮುಂಚಿನ ನೆಲದ ಮಟ್ಟ, ಸುಮಾರಾಗಿ ಅದೇ. ಅಲ್ಲಿಂದ ಈಗಿನ ನೆಲದವರೆಗೆ ಸ್ಕೇಲು ಹಿಡಿದರೆ ಏಳು ಇಂಚು. ನಿರೀಕ್ಷಕರು ತಾವೇ ಕೂತು ನೋಡಿದರು. ಆಮೇಲೆ ಹೊಲದ ಉದ್ದಕ್ಕೂ ಹನ್ನೊಂದು ಕಡೆ ಗಿಡದ ಬುಡ ಬಿಡಿಸಿ ಅಳೆದರು. ಜಾಲಿಮರದ ಬಳಿ ಒಂಬತ್ತು ಇಂಚಿತ್ತು, ಬದುವಿನ ಕಡೆಯ 8 ಗುಂಟೆಯಲ್ಲಿ ಮಾತ್ರ ಮೂರಕ್ಕಿಂತ ಕಡಿಮೆ. ಪ್ರತಿ ಕುಣಿಯಲ್ಲೂ ಸ್ಕೇಲು ನಿಲ್ಲಿಸಿ ಫೋಟೊ ತೆಗೆದರು. ನಾನು ಸಿಟ್ಟಿನಲ್ಲಿ ಆ ಸತ್ತ ಗಿಡಗಳನ್ನು ಕಿತ್ತು ಸುಡಬೇಕೆಂದಿದ್ದೆ. ಅವ್ವ ಬೇಡವೆಂದು ತಡೆದಿದ್ದಳು. ತೊಗರಿ, ಹತ್ತಿಯಂಥ ಗಟ್ಟಿ ಕಾಂಡದ ಬೆಳೆ ಇದ್ದವರು ಅಳತೆ ಆಗುವವರೆಗೆ ಅಲ್ಲಲ್ಲಿ ಕೆಲವು ಗಿಡಗಳನ್ನಾದರೂ ಕೀಳದೆ ಉಳಿಸಿಕೊಳ್ಳಿ.

ಮಹಜರು ಬರೆಯುವಾಗ 2 ಎಕರೆ 30 ಗುಂಟೆಯಲ್ಲಿ ದಂಡೆ ಕುಸಿದ 12 ಗುಂಟೆ ಮತ್ತು ತೆಳು ಹೂಳಿನ 8 ಗುಂಟೆ ಕಳೆದು, 2 ಎಕರೆ 10 ಗುಂಟೆ ಎಂದು ನಮೂದಿಸಿದರು. ಅದು 0.91 ಹೆಕ್ಟೇರ್. ಸಹಿ ಹಾಕುವ ಮೊದಲು ಅಂಕಿಗಳನ್ನು ಓದಿ ಹೇಳಲು ಕೇಳಿದೆ. ಸರ್ವೆ ನಂಬರಿನ ಹಿಸ್ಸೆ ಒಂದರ ಬದಲು ಎರಡು ಎಂದಾಗಿತ್ತು, ಅಲ್ಲೇ ತಿದ್ದಿದರು. ಮಹಜರಿನ ಫೋಟೊವನ್ನು ಅವರ ಅನುಮತಿ ಕೇಳಿಯೇ ತೆಗೆದುಕೊಂಡೆ.

ಮರುದಿನವೇ ಉಸುಕು ತೆಗೆಸುವ ಕೆಲಸ ಹಿಡಿದೆ. ಪರಿಹಾರದ ಹಣ ಬರುವುದನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಜೆಸಿಬಿ 22 ಗಂಟೆ ನಡೆಯಿತು, ಗಂಟೆಗೆ 1,300ರಂತೆ 28,600 ರೂಪಾಯಿ. ಆಮೇಲೆ ಬ್ಲೇಡು ಕಟ್ಟಿದ ಟ್ರ್ಯಾಕ್ಟರಿನಿಂದ ಎಂಟು ಗಂಟೆ ಮಟ್ಟ ಮಾಡಿಸಿದ್ದಕ್ಕೆ 7,200. ಒಟ್ಟು 35,800. ಅಕ್ಕನ ಗಂಡ ಇಪ್ಪತ್ತು ಸಾವಿರ ಕೈಗಡ ಕೊಟ್ಟರು, ಉಳಿದದ್ದು ಕಡಲೆಗೆಂದು ಇಟ್ಟುಕೊಂಡ ಹಣ. ಜೆಸಿಬಿಯವರು, ಬಾಡಿಗೆ ಬೇಡ, ಉಸುಕನ್ನು ನಮಗೇ ಕೊಡಿ, ಟಿಪ್ಪರಿನಲ್ಲಿ ಒಯ್ಯುತ್ತೇವೆ ಎಂದೂ ಕೇಳಿದರು. ಆಸೆಯಾಗದೆ ಇರಲಿಲ್ಲ. ಆದರೆ ಸ್ವಂತ ಹೊಲದಲ್ಲಿ ಬಿದ್ದ ಉಸುಕಾದರೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಇಲ್ಲದೆ ಸಾಗಿಸಿದರೆ ಪ್ರಕರಣ ದಾಖಲಾಗುತ್ತದೆ. ಪರಿಹಾರ ಕೇಳಿದ ಹೊಲದಿಂದಲೇ ಉಸುಕು ಮಾರಿದರೆ ಆ ಕಡತವೂ ಅಲ್ಲಿಗೇ ನಿಲ್ಲುತ್ತದೆ. ಎಲ್ಲವನ್ನೂ ದಂಡೆಯ ಕಡೆಯ ಕೊರಕಲಿಗೆ ತುಂಬಿಸಿ ಒಡ್ಡು ಕಟ್ಟಿಸಿದೆ. ಜೆಸಿಬಿಯ ರಸೀದಿಗಳನ್ನು ಜೋಪಾನವಾಗಿಟ್ಟೆ. ಪರಿಹಾರ ಸಿಗುವುದು ಹೆಕ್ಟೇರಿನ ದರದಲ್ಲಿಯೇ, ಖರ್ಚಿನ ಲೆಕ್ಕದಲ್ಲಲ್ಲ. ಆದರೂ ಕೆಲಸ ನಡೆದಿದೆ ಎಂಬುದಕ್ಕೆ ಜನವರಿಯಲ್ಲಿ ಅವನ್ನೇ ಕೇಳಿದರು.

ಈ ನಡುವೆ ಬೆಳೆ ಪರಿಹಾರದ ಕಥೆ ಬೇರೆಯದೇ ತಿರುವು ಪಡೆದಿತ್ತು. ನವೆಂಬರ್ ಕೊನೆಗೆ ಊರಿನ ಹಲವರ ಖಾತೆಗೆ ಹಣ ಬಂತು. ಅವ್ವನ ಪಾಸ್‌ಬುಕ್ಕಿನಲ್ಲಿ ಏನೂ ಇರಲಿಲ್ಲ. ಮೂರು ವಾರ ಪ್ರತಿ ಸೋಮವಾರ ಬ್ಯಾಂಕಿಗೆ ಹೋಗಿ ಪುಸ್ತಕ ಮುದ್ರಿಸಿಕೊಂಡು ಬಂದೆವು. ಒಂದು ದಿನ ಸರತಿಯಲ್ಲಿ ನಮ್ಮ ಹಿಂದೆ ನಿಂತಿದ್ದ ಹುಡುಗನೊಬ್ಬ, "ಅಣ್ಣಾ, ಪರಿಹಾರ ಪೋರ್ಟಲ್‌ನಾಗ ನೋಡಿಯೇನು?" ಎಂದು ಕೇಳಿ, ತನ್ನ ಮೊಬೈಲಿನಲ್ಲೇ ಕಂದಾಯ ಇಲಾಖೆಯ ಭೂ ದಾಖಲೆಗಳ ಜಾಲತಾಣ ತೆರೆದು, ವರ್ಷ, ಹಂಗಾಮು, ವಿಪತ್ತಿನ ಬಗೆ ಆರಿಸಿ ಅವ್ವನ ಆಧಾರ್ ಸಂಖ್ಯೆ ಹಾಕಿದ. 1.11 ಹೆಕ್ಟೇರಿಗೆ 9,435 ರೂಪಾಯಿ ಪಾವತಿಯಾಗಿದೆ ಎಂದು ತೋರಿಸಿತು. ಹೋದದ್ದು ಬೇರೊಂದು ಖಾತೆಗೆ. ಗೃಹಲಕ್ಷ್ಮಿ ಹಣಕ್ಕೆಂದು ಅವ್ವನಿಗೆ ತೆರೆಸಿದ್ದ ಖಾತೆಗೆ ಆಧಾರ್ ಜೋಡಣೆಯಾಗಿತ್ತು. ಆಧಾರ್ ಮೂಲಕ ಬರುವ ಸರ್ಕಾರಿ ಹಣ, ನಾವು ಅರ್ಜಿಗೆ ಯಾವ ಪಾಸ್‌ಬುಕ್ ಲಗತ್ತಿಸಿದ್ದೇವೆ ಎಂದು ನೋಡುವುದಿಲ್ಲ; ಕೊನೆಯ ಬಾರಿ ಆಧಾರ್ ಜೋಡಿಸಿದ ಖಾತೆಗೇ ಹೋಗಿ ಬೀಳುತ್ತದೆ. ಹಣ ಬರಲಿಲ್ಲವೆಂದು ಕಚೇರಿಗೆ ಓಡುವ ಮುಂಚೆ ಇದೊಂದನ್ನು ನೋಡಿಕೊಂಡರೆ ಎಷ್ಟೋ ದಿನ ಉಳಿಯುತ್ತವೆ.

ರಾಜ್ಯದ ಹೆಚ್ಚುವರಿ ಪಾಲಿನ ಇನ್ನೊಂದು 9,435 ಆಮೇಲೆ ಅದೇ ಖಾತೆಗೆ ಬಂತು. ಆದರೆ ಅಪ್ಪನ ಹೆಸರಿನ 1 ಎಕರೆ 30 ಗುಂಟೆಗೆ ಏನೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ತೀರಿಹೋದವರ ಹೆಸರಿಗೆ ಫ್ರೂಟ್ಸ್ ಸಂಖ್ಯೆ ಎಲ್ಲಿಂದ ಬರಬೇಕು? ಡಿಸೆಂಬರಿನಲ್ಲಿ ಟ್ರಂಕಿನಿಂದ ಅಪ್ಪನ ಮರಣ ಪ್ರಮಾಣಪತ್ರ ತೆಗೆದೆವು. ಅದರ ಮಡಿಕೆಯಲ್ಲಿ ಅವರ ಕೈಬರಹದ ಒಂದು ಚೀಟಿ ಇತ್ತು, ಬೀಜ ಗೊಬ್ಬರದ ಲೆಕ್ಕ. ಅವ್ವ ಅದನ್ನು ನನಗೆ ಕೊಡದೆ ತಾನೇ ಇಟ್ಟುಕೊಂಡಳು. ವಂಶವೃಕ್ಷಕ್ಕೆ ಅವ್ವ, ನಾನು, ಅಕ್ಕ, ತಂಗಿ, ಎಲ್ಲರ ಆಧಾರ್ ಬೇಕಾಯಿತು. ಅಕ್ಕನ ಆಧಾರಿನಲ್ಲಿ ಗಂಡನ ಮನೆಯ ಅಡ್ಡಹೆಸರು, ಶಾಲೆಯ ದಾಖಲೆಯಲ್ಲಿ ತವರಿನದು. ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದೆವು. ತಂಗಿ ಸೊಲ್ಲಾಪುರದಿಂದ ಎರಡು ಸಲ ಬಸ್ಸಿನಲ್ಲಿ ಬಂದಳು, ಎರಡನೆಯ ಸಲ ಜ್ವರದ ಮಗುವನ್ನು ಎತ್ತಿಕೊಂಡು. ಪೌತಿ ಖಾತೆಯಲ್ಲಿ ನಾಲ್ವರ ಹೆಸರೂ ಜಂಟಿಯಾಗಿ ಬಂದವು. ನೋಟಿಸಿನ ಅವಧಿ ಮುಗಿದು ಹೊಸ ಪಹಣಿ ಕೈಗೆ ಸಿಕ್ಕಾಗ ಫೆಬ್ರವರಿ. ಪರಿಹಾರ ಅವ್ವನ ಖಾತೆಗೆ ಹೋಗಲಿ ಎಂದು ಉಳಿದ ಮೂವರೂ ಒಪ್ಪಿಗೆ ಪತ್ರ ಬರೆದುಕೊಟ್ಟೆವು. 0.71 ಹೆಕ್ಟೇರಿನ 12,070 ರೂಪಾಯಿ ಮಾರ್ಚ್ ಮೊದಲ ವಾರ ಬಂತು. ಪಹಣಿ ಇನ್ನೂ ತೀರಿಕೊಂಡವರ ಹೆಸರಿನಲ್ಲಿದ್ದರೆ ದಯವಿಟ್ಟು ಪ್ರವಾಹಕ್ಕೆ ಕಾಯಬೇಡಿ. ಸರ್ಕಾರ 2025ರಲ್ಲಿ ಇದಕ್ಕಾಗಿಯೇ ಇ-ಪೌತಿ ಅಭಿಯಾನ ಶುರು ಮಾಡಿತು. ಬೇಸಿಗೆಯ ಬಿಡುವಿನಲ್ಲಿ ಆಗುವ ಕೆಲಸ ಸಂಕಟದ ನಡುವೆ ಮೂರು ಪಟ್ಟು ಕಷ್ಟವಾಗುತ್ತದೆ.

ಉಸುಕಿನ ಕಡತಕ್ಕೆ ಮರಳುತ್ತೇನೆ. ಡಿಸೆಂಬರ್ ಇಡೀ ಅದು ಎಲ್ಲಿದೆ ಎಂದು ತಿಳಿಯಲಿಲ್ಲ. ಒಬ್ಬರು ಉಪವಿಭಾಗಕ್ಕೆ ಹೋಗಿದೆ ಎಂದರು, ಇನ್ನೊಬ್ಬರು ಕೃಷಿ ಇಲಾಖೆಯ ವರದಿ ಬಂದಿಲ್ಲ ಎಂದರು. ಜನವರಿಯಲ್ಲಿ ಮೊಹರಿನ ಪ್ರತಿಯ ಸಂಖ್ಯೆ, ಮಹಜರಿನ ದಿನಾಂಕ ಎರಡನ್ನೂ ಬರೆದು, ಕಡತ ಯಾವ ಹಂತದಲ್ಲಿದೆ ಎಂದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಬೇಕೆಂದು ಲಿಖಿತವಾಗಿ ಕೇಳಿದೆ. ಬಾಯಿಮಾತಿನಲ್ಲಿ ಹತ್ತು ಸಲ ಕೇಳಿದ್ದಕ್ಕಿಂತ ಆ ಒಂದು ಹಾಳೆ ಹೆಚ್ಚು ಕೆಲಸ ಮಾಡಿತು. ನಾಲ್ಕು ದಿನದಲ್ಲಿ ಫೋನು ಬಂತು. ಮಹಜರಿನ ಜೊತೆ ಇರಬೇಕಾದ ಫೋಟೊಗಳು ಬಿಟ್ಟುಹೋಗಿದ್ದವು, ಅಷ್ಟೇ. ಆ ಫೋಟೊಗಳು ಗ್ರಾಮ ಆಡಳಿತಾಧಿಕಾರಿಯವರ ಮೊಬೈಲಿನಲ್ಲಿದ್ದವು. ಅವರಿಗೆ ಆಗಲೇ ಬೇರೆಡೆ ವರ್ಗವಾಗಿತ್ತು. ನಾನೇ ಅವರನ್ನು ಹುಡುಕಿಕೊಂಡು ಹೋಗಿ ಕೇಳಿದಾಗ, ಅವರು ಬೇಸರಿಸದೆ ಹನ್ನೊಂದು ಫೋಟೊಗಳನ್ನೂ ಹುಡುಕಿ ಕಳುಹಿಸಿದರು. ಅಳತೆಯ ದಿನ ನನ್ನ ಮೊಬೈಲಿನಲ್ಲೂ ಅದೇ ಫೋಟೊಗಳನ್ನು ತೆಗೆದುಕೊಂಡಿದ್ದರೆ ಆ ಎರಡು ವಾರ ಉಳಿಯುತ್ತಿತ್ತು.

ದಂಡೆ ಕುಸಿದು ಹೋದ 12 ಗುಂಟೆಗೆ 47,000ದ ದರದಲ್ಲಿ ಬೇರೆ ಅರ್ಜಿ ಕೊಟ್ಟಿದ್ದೆ. ಅದಕ್ಕೆ ಫೆಬ್ರವರಿಯಲ್ಲಿ ಹಿಂಬರಹ ಬಂತು: ನದಿಯ ಪಾತ್ರ ಬದಲಾಗಿಲ್ಲ, ದಂಡೆ ಕೊರೆದಿದೆ, ಆದ್ದರಿಂದ ಅರ್ಜಿ ತಿರಸ್ಕೃತ. ಆ ಹಾಳೆಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಲ ಕಳೆದುಕೊಂಡವನಿಗೆ ನದಿ ಹರಿದದ್ದೋ ಕೊರೆದದ್ದೋ ಎಂಬುದರಲ್ಲಿ ಏನು ವ್ಯತ್ಯಾಸ? ಪಹಣಿಯಲ್ಲಿ ಆ 12 ಗುಂಟೆ ಈಗಲೂ ನಮ್ಮದೇ, ಅದರ ಮೇಲೆ ನೀರು ಹರಿಯುತ್ತಿದೆ. ಭೂಮಾಪನ ಇಲಾಖೆಯಿಂದ ಅಳತೆ ಮಾಡಿಸಿ, ಆ ನಕ್ಷೆಯೊಂದಿಗೆ ಮೇಲಿನ ಅಧಿಕಾರಿಗಳಿಗೆ ಮನವಿ ಕೊಡಲು ಅರ್ಜಿ ಹಾಕಿದ್ದೇನೆ.

ಮಾರ್ಚ್ 17ರ ಮಧ್ಯಾಹ್ನ, ಅವ್ವ ಕಡಲೆ ಹಸನು ಮಾಡುತ್ತಿದ್ದಾಗ, 16,380 ರೂಪಾಯಿ ಜಮೆಯಾದ ಸಂದೇಶ ಬಂತು. ಉಸುಕು ತೆಗೆಸಿದ ಖರ್ಚಿನ ಅರ್ಧಕ್ಕೂ ಅದು ಬರುವುದಿಲ್ಲ. ಬಸ್ಸು, ನಕಲು, ನೋಟರಿ ಎಂದು ಈ ಓಡಾಟಕ್ಕೇ 3,400 ರೂಪಾಯಿಯಾಗಿದೆ. ಅಲೆದದ್ದು ಸಾರ್ಥಕವೇ ಎಂದು ಕೇಳುವವರಿಗೆ ನನ್ನ ಉತ್ತರ, ಸಾರ್ಥಕವೇ ಎಂಬುದು. ಆ ಹಣ ಬರದಿದ್ದರೆ ಅಕ್ಕನ ಗಂಡನ ಕೈಗಡ ತೀರಿಸಲು ಕಡಲೆಯನ್ನು ಸುಗ್ಗಿಯ ದರಕ್ಕೇ ಮಾರಬೇಕಿತ್ತು. ಈಗ ಚೀಲಗಳು ಪಡಸಾಲೆಯಲ್ಲಿವೆ.

ನಮ್ಮೂರಿನಲ್ಲಿ ಈಗ ಎಂಟು ಮಂದಿ ನನ್ನ ಅರ್ಜಿಯ ನಕಲು ಒಯ್ದಿದ್ದಾರೆ. ಹೊಳೆಯಾಚೆಯ ಊರಿನ ಒಬ್ಬರ ಅರ್ಜಿ, ದಪ್ಪ ಮೂರು ಇಂಚು ಇಲ್ಲ ಎಂಬ ಕಾರಣಕ್ಕೆ ಒಮ್ಮೆ ತಿರಸ್ಕೃತವಾಗಿತ್ತು. ಅವರ ಹೊಲದಲ್ಲಿ ಉಸುಕು ಇನ್ನೂ ಹಾಗೆಯೇ ಬಿದ್ದಿದೆ, ಹತ್ತಿ ಗಿಡಗಳನ್ನೂ ಕಿತ್ತಿಲ್ಲ. ಮರು ಅಳತೆಗೆ ಬರುವ ಮಂಗಳವಾರ ಬರುತ್ತಾರಂತೆ. ಅವ್ವ ತಾನೂ ಬರುತ್ತೇನೆಂದು ಹೇಳಿ, ಕುರ್ಪಿಯನ್ನು ಬಾಗಿಲ ಪಕ್ಕ ತೆಗೆದಿಟ್ಟಿದ್ದಾಳೆ.